ಡ್ರೈವರ್ ಬಾಗಿಲಿನ ಬುಲೆಟಿನ್

ಕಾರು ಇಲ್ಲದೆ ನಮ್ಮ ಸರ್ವಿಸ್ ಸೆಂಟರಿಗೆ ತಪ್ಪದೆ ಬರುತ್ತಿದ್ದವರು ಟೈಲರ್ ಅಕ್ಕ ಒಬ್ಬರೇ. ತಿಂಗಳ ಮೊದಲ ಸೋಮವಾರ ನಾವು ಷಟರ್ ಎತ್ತುವ ಹೊತ್ತಿಗೆ ಹೊರಗೆ ನಿಂತಿರುತ್ತಿದ್ದರು. ಕತ್ತಿನಲ್ಲಿ ಅಳತೆ ಟೇಪು, ಕಂಕುಳಲ್ಲಿ ಅಳತೆ ಪುಸ್ತಕ. ಟೇಪು ತೆಗೆದಿಡಲು ಮರೆಯುತ್ತಿದ್ದರೋ, ಅದಿಲ್ಲದೆ ಅವರಿಗೆ ಮೈ ಬರಿದೆನಿಸುತ್ತಿತ್ತೋ, ನಾನು ಕೇಳಲಿಲ್ಲ.

ನಾನು ಇಪ್ಪತ್ತೆರಡು ವರ್ಷ ಕಾರುಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಸೊಂಟ ಕೈಕೊಟ್ಟ ಮೇಲೆ ಕೌಂಟರಿನಲ್ಲಿ ಕೂರಿಸಿದರು. ಕಾರಿನ ನಂಬರು ಕೇಳುವುದು, ಕಂಪ್ಯೂಟರಿಗೆ ಹಾಕುವುದು, ಏನಿದೆ ಎಂದು ಹೇಳುವುದು, ಇಷ್ಟೇ ಕೆಲಸ.

ಅಕ್ಕ ಮೊದಲ ಸಲ ಬಂದಾಗ ಕೈಯಲ್ಲಿ ಕಂಪನಿಯ ಕಾಗದವಿತ್ತು. ಪೆಟ್ರೋಲ್ ಹೋಗುವ ಒಂದು ರಬ್ಬರ್ ಪೈಪು ಬಿರುಕು ಬಿಡುತ್ತದೆ, ಎಂಜಿನ್ ಬಿಸಿಗೆ ಬೆಂಕಿ ಹತ್ತಬಹುದು, ಕಾರು ತಂದರೆ ಪುಕ್ಕಟೆ ಬದಲಿಸಿಕೊಡುತ್ತೇವೆ ಎಂದು ಅದರಲ್ಲಿತ್ತು. ಇದಕ್ಕೆ ರೀಕಾಲ್ ಅನ್ನುತ್ತಾರೆ. ಕಂಪನಿ ತನ್ನ ತಪ್ಪು ಒಪ್ಪಿಕೊಂಡು, ಮಾರಿದ ಕಾರುಗಳನ್ನು ವಾಪಸು ಕರೆಯುವುದು.

"ಕಾರೆಲ್ಲಿ ಅಕ್ಕ?" ಅಂದೆ.

"ನನ್ನ ಹೆಸರಲ್ಲಿದೆ. ನನ್ನ ಹತ್ರ ಇಲ್ಲ," ಅಂದರು.

ಅವರು ಅಳತೆ ಪುಸ್ತಕ ತೆರೆದು ಒಂದು ಪುಟ ನನ್ನ ಕಡೆ ತಿರುಗಿಸಿದರು. ಮೇಲೆ 'ಪುಟ್ಟಿ' ಎಂದು ಬರೆದಿತ್ತು. ಭುಜ, ತೋಳು, ಸೊಂಟ, ಉದ್ದ. ಅದರ ಕೆಳಗೆ ಅದೇ ಪೆನ್ಸಿಲಿನಲ್ಲಿ ಕಾರಿನ ಷಾಸಿ ನಂಬರು, ಹದಿನೇಳು ಅಕ್ಷರ. ನಾನು ಅದನ್ನು ಕಂಪ್ಯೂಟರಿನಲ್ಲಿ ಹೊಡೆದು ನೋಡಿದೆ. 'ರೀಕಾಲ್ ಕೆಲಸ ಬಾಕಿ' ಎಂದು ಬಂತು.

ಪುಟ್ಟಿ ಅವರ ತಂಗಿ. ನಲವತ್ತು ದಾಟಿದ್ದರೂ ಅಕ್ಕನ ಬಾಯಲ್ಲಿ ಪುಟ್ಟಿಯೇ. ಅಂಗಡಿಯಲ್ಲಿ ಅಕ್ಕ ಹೊಲಿಯುವುದು, ತಂಗಿ ಕಾರಿನಲ್ಲಿ ಮನೆಮನೆಗೆ ತಲುಪಿಸುವುದು. ಅಕ್ಕನಿಗೆ ಸ್ಟಿಯರಿಂಗ್ ಮುಟ್ಟಲು ಭಯ, ತಂಗಿಗೆ ಸೂಜಿ ಕಂಡರೆ ಆಕಳಿಕೆ. ಹಾಗೇ ಚೆನ್ನಾಗಿ ನಡೆದಿತ್ತು. ಆದರೆ ಕಾರಿನ ಡ್ರೈವರ್ ಬಾಗಿಲು ಬರಬರುತ್ತಾ ಜೋತುಬಿತ್ತು. ಎರಡೂ ಕೈಯಿಂದ ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತಿತ್ತು. ನೀನು ದಬದಬ ಬಡಿದೇ ಹಾಳುಮಾಡಿದೆ ಎಂದು ಅಕ್ಕ, ನಾನು ಬಡಿದೇ ಇಲ್ಲ ಎಂದು ತಂಗಿ. ಊಟಕ್ಕೆ ಕೂತಾಗಲೂ ಇದೇ ಮಾತು.

ಒಂದು ದಿನ ಹೊಸ ಕೋಟಿನ ತೋಳು ಆ ಬಾಗಿಲಿಗೆ ಸಿಕ್ಕಿ ಗ್ರೀಸ್ ಆಯಿತು. ಕೋಟಿನವನು ಅಂಗಡಿಯಲ್ಲೇ ನಿಂತಿದ್ದ. ಅವನೆದುರಿಗೇ ಅಕ್ಕ, ಹೊಲಿಯಲು ಬಾರದವಳಿಗೆ ಒಂದು ಬಾಗಿಲು ಹಾಕಲೂ ಬರುವುದಿಲ್ಲ, ನೀನಿದ್ದು ಏನು ಪ್ರಯೋಜನ ಎಂದುಬಿಟ್ಟರು. ತಂಗಿ ಕೋಟನ್ನು ಮೇಜಿನ ಮೇಲಿಟ್ಟು, ಕೀ ತೆಗೆದುಕೊಂಡು ಹೋದವಳು ಬರಲಿಲ್ಲ. ಫೋನ್ ನಂಬರೂ ಬದಲಾಯಿತು. ಅದಕ್ಕೆ ಆರು ವರ್ಷ. ಪೊಲೀಸರಿಗೆ ಹೇಳಿ, ಕಾರು ನಿಮ್ಮ ಹೆಸರಲ್ಲಿದೆಯಲ್ಲ ಎಂದು ಪಕ್ಕದ ಅಂಗಡಿಯವಳು ಬುದ್ಧಿ ಹೇಳಿದಳಂತೆ. ಅಕ್ಕ ಅವಳ ಜೊತೆ ಒಂದು ತಿಂಗಳು ಮಾತು ಬಿಟ್ಟರು.

ಇಷ್ಟನ್ನೂ ಅವರು ಒಂದೇ ದಿನ ಹೇಳಿದ್ದಲ್ಲ. ತಿಂಗಳಿಗೊಂದು ತುಂಡು. ನಂಬರು ಹೊಡೆಯುವುದು, 'ಬಾಕಿ' ಎಂದು ಬರುವುದು, ಅವರು ಪುಸ್ತಕ ಮುಚ್ಚುವುದು. "ಈ ಬಿಸಿಲಲ್ಲಿ ದಿನಾ ಓಡಿಸ್ತಿರ್ತಾಳೆ. ಪೈಪು ಹೇಗಿದೆಯೋ," ಅನ್ನುವರು. ನಮ್ಮ ಬೇರೆ ಶಾಖೆಗಳಿಗೂ ಆ ಕಾರು ಬಂದಿರಲಿಲ್ಲ. ಎಲ್ಲೋ ರಸ್ತೆ ಬದಿಯ ಮೆಕ್ಯಾನಿಕ್ಕಿನ ಕೈಗೆ ಕೊಡುತ್ತಿದ್ದಳು ಎಂದು ಕಾಣುತ್ತದೆ.

ಐದನೆಯ ಸಲ ಬಂದಾಗ ನನಗೇ ಬೇಜಾರಾಗಿ, ಆ ಬಾಗಿಲಿನ ದೋಷದ ಬಗ್ಗೆಯಾದರೂ ಏನಿದೆಯೋ ಹುಡುಕೋಣ ಎಂದುಕೊಂಡೆ. ರೀಕಾಲಾದರೆ ಮಾಲೀಕರ ಮನೆಗೆ ಕಾಗದ ಬರುತ್ತದೆ. ಸರ್ವಿಸ್ ಬುಲೆಟಿನ್ ಹಾಗಲ್ಲ. ಪ್ರಾಣಕ್ಕೆ ಅಪಾಯವಿಲ್ಲದ ದೋಷಗಳ ಬಗ್ಗೆ ಕಂಪನಿ ಮೆಕ್ಯಾನಿಕ್ಕುಗಳಿಗೆ ಮಾತ್ರ ಬರೆಯುವ ಚೀಟಿ ಅದು. ಕೇಳಿದವರಿಗೆ ಉಂಟು, ಕೇಳದವರಿಗೆ ಇಲ್ಲ. ಕೇಳುವುದಕ್ಕೂ ಒಂದು ಕ್ರಮವಿದೆ. ಕಾರು ಸರಿ ಇಲ್ಲ ಅಂದರೆ ಏನೂ ಸಿಗುವುದಿಲ್ಲ. ಯಾವ ಮಾಡೆಲ್, ಯಾವ ವರ್ಷ, ಯಾವ ಭಾಗ, ಏನು ಮಾಡುತ್ತದೆ, ಇಷ್ಟು ಕೊಡಬೇಕು. ಕೊಟ್ಟೆ. ಮೂರನೆಯ ಪುಟದಲ್ಲಿ ಸಿಕ್ಕಿತು.

ದೂರು: ಡ್ರೈವರ್ ಬಾಗಿಲು ಜೋತುಬೀಳುವುದು, ಎತ್ತಿ ಹಾಕಬೇಕಾಗುವುದು. ಕಾರಣ: ಕೀಲಿನೊಳಗಿನ ಬುಷ್ ಎಂಬ ಬಳೆ ಮೆದು ಲೋಹದ್ದು, ಬೇಗ ಸವೆಯುತ್ತದೆ. ಪರಿಹಾರ: ಬುಷ್ ಬದಲಿಸುವುದು. ಮೇಲಿನ ತಾರೀಕು ನೋಡಿದೆ. ಆ ಜಗಳಕ್ಕಿಂತ ಮೂರು ವರ್ಷ ಹಿಂದಿನದು.

ನಿಧಾನವಾಗಿ ಓದಿ ಹೇಳಿದೆ. ಅಕ್ಕ ಕತ್ತಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದರು. ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಹಾಗಾದ್ರೆ ಅವಳು ಬಡೀಲಿಲ್ಲ."

"ಬಡಿದಿದ್ರೂ ಬಡೀದಿದ್ರೂ ಹೀಗೇ ಆಗ್ತಿತ್ತು ಅಕ್ಕ."

"ಇದು ಅವಳಿಗೆ ಗೊತ್ತಿರುತ್ತಾ ಅಣ್ಣ?"

ನಾನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದೆ. ಆಮೇಲೆ ಒಂದು ದಾರಿ ಹೊಳೆಯಿತು. ಯಾವುದೇ ಕಾರಿನ ನಂಬರಿಗೆ ನಾವೊಂದು ಸೂಚನೆ ಬರೆದಿಡಬಹುದು. ಆ ಕಾರು ಯಾವ ಊರಿನ ಶಾಖೆಗೆ ಹೋದರೂ ಅಲ್ಲಿಯವರ ಪರದೆಯ ಮೇಲೆ ಮೊದಲು ಅದೇ ಬರುತ್ತದೆ. ಆದರೆ ಕಾರಿನ ವಿಷಯ ಬಿಟ್ಟು ಬೇರೆ ಬರೆಯುವಂತಿಲ್ಲ, ಇನ್ನೂರು ಅಕ್ಷರ ಮೀರುವಂತಿಲ್ಲ. ಅದನ್ನು ಓದಿ ಒಪ್ಪಿಗೆ ಕೊಡುವವರು ನಮ್ಮ ಮ್ಯಾನೇಜರು. ರೂಲ್ಸ್ ರಾಯ ಎಂದು ಅವರಿಗೆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಟೀ ಕುಡಿಯಲೂ ಸಹಿ ಕೇಳುವ ಮನುಷ್ಯ.

ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಪುಟ್ಟಿಗೆ ಇಷ್ಟವಾದ ನೀಲಿ ಬಟ್ಟೆ ತೆಗೆದಿಟ್ಟಿರುವುದು, ಹಿಂದಿನ ಕೋಣೆಯ ಮಂಚ ಹಾಗೇ ಇರುವುದು, ಕೋಟಿನವನು ಈಗಲೂ ಅವಳನ್ನು ಕೇಳುವುದು. ಒಂದೂವರೆ ಪುಟವಾಯಿತು. ಇಷ್ಟು ಹಿಡಿಸುವುದಿಲ್ಲ ಅಕ್ಕ ಎಂದೆ.

"ಕೊಡಿ ಇಲ್ಲಿ. ಜಾಸ್ತಿ ಆದದ್ದನ್ನ ಕತ್ತರಿಸೋದು ನನಗೆ ಹೊಸದಾ?" ಎಂದು ಪೆನ್ನು ಕಸಿದುಕೊಂಡರು. ನೀಲಿ ಬಟ್ಟೆ ಹೋಯಿತು, ಕೋಟಿನವನು ಹೋದ. ಮಂಚದ ಸಾಲಿನ ಮೇಲೆ ಪೆನ್ನು ಬಹಳ ಹೊತ್ತು ನಿಂತು, ಅದನ್ನೂ ಹೊಡೆದುಹಾಕಿತು. ಉಳಿದದ್ದು ಇಷ್ಟು: 'ಡ್ರೈವರ್ ಬಾಗಿಲು ಜೋತುಬಿದ್ದಿದೆ. ತಯಾರಿಕೆಯ ದೋಷ, ಓಡಿಸುವವರ ತಪ್ಪಲ್ಲ. ಓಡಿಸುವವರಿಗೆ ಬುಲೆಟಿನ್ ತೋರಿಸಿ ಇದನ್ನು ಹೇಳುವುದು.'

ರೂಲ್ಸ್ ರಾಯರು ಎರಡು ಸಲ ಓದಿದರು. ಇಷ್ಟು ವರ್ಷದಲ್ಲಿ ನೀನು ಸ್ಪಷ್ಟವಾಗಿ ಬರೆದದ್ದು ಇದೇ ಮೊದಲು ಎಂದು ಒಪ್ಪಿಗೆ ಒತ್ತಿದರು.

ಮತ್ತೆ ನಾಲ್ಕು ತಿಂಗಳು 'ಬಾಕಿ'. ಐದನೆಯ ತಿಂಗಳ ಸೋಮವಾರ ನಂಬರು ಹೊಡೆದೆ, 'ಪೂರ್ಣ' ಎಂದು ಬಂತು. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ಹೊಡೆದೆ. ಅದೇ. ಪರದೆಯಲ್ಲೇ ಆ ಕೆಲಸದ ದಾಖಲೆ ತೆರೆದೆ. ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಓಡಿಸುವವರೇ ಬೇರೆ ಊರಿನ ನಮ್ಮ ಶಾಖೆಗೆ ತಂದಿದ್ದರು. ಪೈಪು ಎರಡು ಕಡೆ ಸೀಳಿತ್ತು. ಬದಲಿಸಿ ಕಳಿಸಿದ್ದರು. ಕೆಳಗೆ ಅಲ್ಲಿಯ ಮೆಕ್ಯಾನಿಕ್ಕು ಇನ್ನೂ ಮೂರು ಸಾಲು ಬರೆದಿದ್ದ.

ಅಕ್ಕ ಕೌಂಟರಿನ ಅಂಚು ಹಿಡಿದು ನಿಂತಿದ್ದರು. ನಾನು ಓದಿದೆ: "'ಬಾಗಿಲಿನ ಬುಲೆಟಿನ್ ತೋರಿಸಲಾಯಿತು. ಸೂಚನೆ ಬರೆಸಿದ್ದು ಯಾರೆಂದು ಕೇಳಿದರು. ಬಾಗಿಲು ರಿಪೇರಿ ಬೇಡ, ಎತ್ತಿ ಹಾಕುವುದು ರೂಢಿಯಾಗಿದೆ ಎಂದರು.'"

"ಇನ್ನೊಂದ್ಸಲ ಓದಿ."

ಓದಿದೆ. ಯಾವ ಊರು ಎಂದು ಅವರು ಕೇಳಲಿಲ್ಲ. ಓಡಿಸುವವರ ವಿವರ ಹೇಳುವಂತಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ, ನೆನಪಿತ್ತೇನೋ. ಕಾರು ಎಷ್ಟು ಓಡಿದೆ ಎಂದಷ್ಟೇ ಕೇಳಿದರು. ಅದು ಕಾರಿನ ವಿಷಯ, ಹೇಳಬಹುದು. ಎರಡು ಲಕ್ಷದ ಹನ್ನೊಂದು ಸಾವಿರ ಕಿಲೋಮೀಟರ್. ಹೋಗುವಾಗ ಎಂಬತ್ತನಾಲ್ಕು ಸಾವಿರವಿತ್ತಂತೆ. ಪುಟ್ಟಿಯ ಪುಟದಲ್ಲಿ, ಷಾಸಿ ನಂಬರಿನ ಕೆಳಗೆ, ಅದನ್ನೂ ಬರೆದುಕೊಂಡರು.

ಇನ್ನು ಹೆದರಿಕೆಯಿಲ್ಲ, ನೀವು ಇಷ್ಟು ದೂರ ಬರಬೇಕಾಗಿಲ್ಲ ಎಂದೆ. ತಲೆಯಾಡಿಸಿ ಹೋದರು.

ಮುಂದಿನ ತಿಂಗಳ ಮೊದಲ ಸೋಮವಾರ ಷಟರ್ ಎತ್ತಿದರೆ ಹೊರಗೆ ಅಕ್ಕ, ಕತ್ತಿನಲ್ಲಿ ಟೇಪು.

"ಏನಕ್ಕ, ಎಲ್ಲಾ ಮುಗೀತಲ್ಲ?"

"ಕಂಪನಿಯವರು ಇನ್ನೇನಾದ್ರೂ ತಪ್ಪು ಮಾಡಿರಬಹುದು, ನೋಡಿ ಅಣ್ಣ," ಅಂದರು. "ಮತ್ತೆ ಕರೆಸೋ ಹಂಗೆ."

ಒಳಗೆ ಬಂದು ಪುಸ್ತಕ ತೆರೆದರು. ಹದಿನೇಳೂ ಅಕ್ಷರ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿದ್ದವು. ಆದರೂ ಅವರು ಒಂದೊಂದರ ಮೇಲೂ ಬೆರಳಿಟ್ಟು ಓದಿ ಹೇಳುವವರೆಗೆ ಕಾದು, ಒಂದೊಂದಾಗಿ ಹೊಡೆದೆ.