ನಾಲ್ಕನೇ ಸಲಕ್ಕೆ ಸಿಕ್ಕ ತಲೆ

ನನ್ನಂಥ ಎಂಟೆದೆಯ ಬಂಟ ನಿಮ್ಮ ಏಳು ತಲೆಮಾರಿನಲ್ಲೂ ಸಿಗಲಿಕ್ಕಿಲ್ಲ, ಬರೆದಿಟ್ಟುಕೊಳ್ಳಿ. ಮೆದುಳಿನ ಚಿತ್ರ ತೆಗೆಯುವ ಯಂತ್ರಕ್ಕೇ ನೀರು ಕುಡಿಸಿದವನು ನಾನು. ಮೂರು ಸಲ ತೆಗೆದರೂ ನನ್ನ ತಲೆ ಅದಕ್ಕೆ ಸೆರೆ ಸಿಗಲಿಲ್ಲ. ಅಮ್ಮನಿಗೂ ಹಾಗೆಂದೇ ಹೇಳಿದ್ದೇನೆ.

ಅಣ್ಣನಿಗೆ ಸ್ಕಿಜೋಫ್ರೇನಿಯಾ. ಇಪ್ಪತ್ತು ತುಂಬಿದ ವರ್ಷವೇ ಶುರುವಾಯಿತು. ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗೋ ಉತ್ತರ ಕೊಡುತ್ತಿದ್ದ. ನನಗೀಗ ಹತ್ತೊಂಬತ್ತು ವರ್ಷ ಹತ್ತು ತಿಂಗಳು.

ಅವನ ಡಾಕ್ಟರಮ್ಮ ಒಂದು ಅಧ್ಯಯನಕ್ಕೆ ಇಬ್ಬರನ್ನೂ ಕರೆದರು. "ಈ ಕಾಯಿಲೆ ಇರೋರ ಮೆದುಳಲ್ಲಿ ಕೆಲವು ಭಾಗ ಒಂಚೂರು ಚಿಕ್ಕದಿರತ್ತೆ. ಒಡಹುಟ್ಟಿದವರಲ್ಲೂ ಆ ವ್ಯತ್ಯಾಸ ಸ್ವಲ್ಪ ಇರತ್ತಾ ಅಂತ ನೋಡ್ತಿದೀವಿ," ಎಂದರು. ಅಷ್ಟೇ, ನನ್ನ ಕಿವಿ ಮುಚ್ಚಿಹೋಯಿತು. ಮುಂದೆ ಅವರು ಹೇಳಿದ್ದು ಒಂದಕ್ಷರವೂ ಒಳಗಿಳಿಯಲಿಲ್ಲ. ಕೈ ಮಾತ್ರ ಸಹಿ ಹಾಕಿತು.

ಚಿತ್ರ ತೆಗೆಯುವ ದಿನ ಮೊದಲು ಅಣ್ಣ ಯಂತ್ರದೊಳಗೆ ಮಲಗಿದ. ನಲವತ್ತು ನಿಮಿಷ, ಮಿಸುಕಾಡಲಿಲ್ಲ. ಆಮೇಲೆ ನನ್ನ ಸರದಿ.

"ಬೆಲ್ಟು, ಬೀಗದ ಕೈ, ಚಿಲ್ಲರೆ ಎಲ್ಲಾ ಇಲ್ಲಿಡಪ್ಪ," ಎಂದಳು ಯಂತ್ರ ನಡೆಸುವ ಅಕ್ಕ.

"ಅಕ್ಕಾ, ಈ ತಲೇನ ಹಿಡಿಯೋ ಮಿಷಿನ್ನು ಇನ್ನೂ ಹುಟ್ಟಿಲ್ಲ! ಹುಟ್ಟಿದ್ರೂ, ಬೆಳೆಯೋಕೆ ನಾನು ಬಿಡಲ್ಲ!"

"ಡೈಲಾಗೂ ಇಲ್ಲೇ ಇಟ್ಟು ಹೋಗು. ಒಳಗೆ ಕೂದಲೆಳೆಯಷ್ಟೂ ಅಲ್ಲಾಡಂಗಿಲ್ಲ."

ಮುಖದ ಮೇಲೆ ಪಂಜರದಂಥದ್ದೊಂದು ಕೂತಿತು. ಕೊಳವೆ ನನ್ನನ್ನು ನುಂಗಿತು. ಢಗ್ ಢಗ್ ಢಗ್. ಸದ್ದು ಯಂತ್ರದ್ದೋ ಎದೆಯದೋ ತಿಳಿಯಲಿಲ್ಲ.

"ಅಲ್ಲಾಡಿದೀಯ. ಇನ್ನೊಂದ್ಸಲ." ಮತ್ತೆ, "ಇನ್ನೊಂದ್ಸಲ." ಮೂರನೆಯದಕ್ಕೆ ನನ್ನನ್ನು ಹೊರಗೆಳೆದೇಬಿಟ್ಟಳು. "ಏನಪ್ಪಾ, ತುರಿಕೆನಾ?"

"ಮ್ಯೂಸಿಕ್ಕು ಹಂಗಿದೆ ಅಕ್ಕಾ, ಡ್ಯಾನ್ಸ್ ಬರ್ತಿದೆ."

ಅವಳು ನಗಲಿಲ್ಲ. ಹೊರಗೆ ಹೋಗಿ ಅಣ್ಣನನ್ನು ಕರೆತಂದಳು. ಅವನು ನನ್ನ ಕಾಲ ಬಳಿ ಕುರ್ಚಿ ಹಾಕಿಕೊಂಡು ಹೆಬ್ಬೆರಳು ಹಿಡಿದ.

"ಭಯ ಆಗ್ತಿದೆಯೇನೋ?"

"ಯಾರಿಗೆ? ನಂಗಾ? ಹೋಗಲೋ!"

"ನಂಗೂ ಆಗಿತ್ತು. ಢಗ್ ಢಗ್ ಅನ್ನತ್ತಲ್ಲ, ಅದನ್ನ ಎಣಿಸ್ತಾ ಹೋಗು."

ಇನ್ನೊಂದು ಡೈಲಾಗು ಹೊಡೆಯಲು ಬಾಯಿ ತೆರೆದೆ, ಬಂದದ್ದು ಬೇರೆಯೇ. "ಅಣ್ಣಾ, ನಂಗೂ ನಿನ್ ಥರ ಆಗ್ಬಿಟ್ರೆ?"

"ಆದ್ರೆ ನಾನಿಲ್ವೇನೋ? ನಂಗೆ ದಾರಿ ಗೊತ್ತಲ್ಲ," ಎಂದು ಬೆರಳು ಹಿಂಡಿದ.

ನಿಜ ಹೇಳಿಬಿಡುತ್ತೇನೆ. ಯಂತ್ರ ಸೋತಿರಲಿಲ್ಲ. ಮೂರು ಸಲವೂ ಬೇಕೆಂದೇ ತಲೆ ಅಲ್ಲಾಡಿಸಿದ್ದೆ, ಚಿತ್ರದಲ್ಲಿ ಅಣ್ಣ ಕಂಡುಬಿಟ್ಟಾನೆಂದು. ನಾಲ್ಕನೇ ಸಲ ಅಲ್ಲಾಡಲಿಲ್ಲ. ಕಣ್ಣೀರು ಹರಿದು ಕಿವಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಚಿತ್ರ ಗಾಜಿನಷ್ಟು ಸ್ಪಷ್ಟವಾಗಿ ಬಂತು.

"ಏನಿದೆ ಅದ್ರಲ್ಲಿ?" ಎಂದು ಕೇಳಿದೆ.

"ಒಬ್ಬರ ಚಿತ್ರ ನೋಡಿ ಯಾರಿಗೆ ಬರತ್ತೆ, ಯಾರಿಗಿಲ್ಲ ಅಂತ ಹೇಳಕ್ಕಾಗಲ್ಲಪ್ಪ. ನೂರಾರು ಜನರದ್ದು ಸೇರಿಸಿದ್ರೇನೇ ವ್ಯತ್ಯಾಸ ಕಾಣೋದು. ಮೊದಲನೇ ದಿನಾನೇ ಹೇಳಿದ್ನಲ್ಲ?" ಎಂದರು ಡಾಕ್ಟರಮ್ಮ.

ಈಗಲೂ ಹಿಂದಿನಿಂದ ಯಾರಾದರೂ ನನ್ನನ್ನು ಕೂಗಿದರೆ, ತಿರುಗುವ ಮೊದಲು ಅಮ್ಮನ ಮುಖ ನೋಡುತ್ತೇನೆ, ಅವಳಿಗೂ ಕೇಳಿಸಿತೇ ಎಂದು.