ಸ್ಕೆಚ್ ಪೆನ್ನಿನ ಕಪ್ಪು

ಕಿತ್ತಳೆ ಸಿಪ್ಪೆ, ಯಾರೋ ತಿಂದು ದಾರಿಯಲ್ಲೇ ಎಸೆದಿದ್ದಾರೆ, ಥೇಟ್ ಅದೇ ಬಣ್ಣ, ಇವತ್ತು ಆ ಬಣ್ಣ ನನ್ನ ಬೆನ್ನು ಬಿಡುವ ಹಾಗಿಲ್ಲ — ಮಗಳು ಅದನ್ನು ದಾಟಿ ಹಾರುತ್ತಾಳೆ, ಅವಳ ಅಂಗೈ ನನ್ನ ಕೈಯೊಳಗೆ, ಅದನ್ನು ಮಾತ್ರ ನೋಡಬಾರದು, ಶಾಲೆ ಇನ್ನೂ ದೂರ, ಏನಾದರೂ ಮಾತಾಡಬೇಕು, ಏನು ಮಾತಾಡಲಿ. ಹೆಂಡತಿ ಹೇಳಿಯೇ ಇದ್ದಳು, ನೀವು ಬ್ಲೀಚ್ ಮುಟ್ಬೇಡಿ, ಬಚ್ಚಲು ನಾನು ರಜೆ ದಿನ ತೊಳ್ಕೋತೀನಿ, ಆದರೆ ಕೆಲಸ ಹೋಗಿ ಮನೆಯಲ್ಲಿ ಕೂತ ಗಂಡಸಿಗೆ ಹುರುಪು ಜಾಸ್ತಿ, ಫಳಫಳ ಮಾಡಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ, ಬ್ಲೀಚಿನ ಅದೇ ಒದ್ದೆ ಕೈಯಲ್ಲಿ ಅವಳ ಕರಿ ಕೋಟನ್ನು ಮೊಳೆಯಿಂದ ತೆಗೆದೆ, ಇಸ್ತ್ರಿ ಮಾಡಿಟ್ಟರೆ ಖುಷಿಪಡುತ್ತಾಳೆ ಅಂತ, ಕೋರ್ಟಿನಲ್ಲಿ ಅವಳೊಬ್ಬಳೇ ನಿಂತು ವಾದಿಸುವುದು ಇವತ್ತೇ ಮೊದಲು. ಕೋಟಿನ ಎದೆಯ ಮೇಲೆ ನನ್ನ ಬೆರಳುಗಳು ಮೂಡಿದವು, ಕಿತ್ತಳೆ. ಸೋಪು ಹಚ್ಚಿದೆ, ಉಜ್ಜಿದೆ, ಕಲೆ ಅಂದರೆ ಮೇಲೆ ಅಂಟಿಕೊಂಡದ್ದು ಎಂದು ತಿಳಿದಿದ್ದ ದಡ್ಡ ನಾನು, ಇದು ಬಣ್ಣವೇ ಹಾರಿಹೋದದ್ದು, ಉಜ್ಜಿದರೆ ಎಲ್ಲಿಂದ ಬರಬೇಕು. ಆಮೇಲೆ ಮಗಳ ಸ್ಕೆಚ್ ಪೆನ್ನು, ಕಪ್ಪು, ತುಂಬುತ್ತ ತುಂಬುತ್ತ ನೇರಳೆಗೆ ತಿರುಗಿತು, ಬದನೆಕಾಯಿ ಬಣ್ಣ, ನನ್ನ ಬೆರಳಿಗೆಲ್ಲ ಮೆತ್ತಿತು, ಬಾಗಿಲಲ್ಲಿ ಹೆಂಡತಿ, ಯಾರು ಮಾಡಿದ್ದು ಇದು, ಆಗ ನನ್ನ ಬಾಯಿ, ನನ್ನದೇ ಬಾಯಿ — ನಿನ್ನ ಮಗಳ ಕೈಕೆಲಸ ನೋಡು. ಐದು ವರ್ಷದ ಮಗು ತಿಂಡಿ ತಟ್ಟೆಯ ಮುಂದೆ ಕೂತಿತ್ತು, ಪೆನ್ನು ಹುಡುಕಿ ಕೊಟ್ಟದ್ದೇ ಅದು, ನನ್ನ ಮುಖ ನೋಡಿತು, ಹೂಂ ಅಂದಿತು, ಹೂಂ ಅಮ್ಮ, ನಾನೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ನಾಚಿಕೆಯಿಂದ ಕಿವಿ ಸುಟ್ಟಿತು, ಆದರೂ ಕೈ ಜೇಬಿಗೆ ತುರುಕಿಕೊಂಡು ಕಂಬದಂತೆ ನಿಂತೆ. ಹೆಂಡತಿ ಬೈಯಲಿಲ್ಲ. ಮಂಡಿಯೂರಿ ಮಗುವಿನ ಎರಡೂ ಕೈ ಹಿಡಿದಳು, ಅಂಗೈ ತಿರುಗಿಸಿದಳು — ಅಪ್ಪಾ, ಮೆಲ್ಲಗೆ ನಡಿ, ಸರಿ ಪುಟ್ಟ, ನಡೆಯುತ್ತೇನೆ — ಬೆರಳು ಬೆರಳು ಬಿಡಿಸಿ ನೋಡಿದಳು, ಎದ್ದಳು, ನನ್ನ ಜೇಬಿನ ಕಡೆ ನೋಡಿದಳು, ಹೊತ್ತಾಯ್ತು, ಬರ್ತೀನಿ ಎಂದು ಅದೇ ಕೋಟು ತೊಟ್ಟು, ಫೈಲನ್ನು ಎದೆಗೆ ಅವುಚಿಕೊಂಡು ಹೋದಳು, ವಾದಿಸುವಾಗಲೂ ಹಾಗೇ ಅವುಚಿಕೊಂಡೇ ನಿಲ್ಲುತ್ತಾಳೇನೋ, ಎಲ್ಲರ ಎದುರು. ಅಪ್ಪಾ, ಅಮ್ಮ ನಂಗೆ ಯಾಕೆ ಬೈಲಿಲ್ಲ. ಗೊತ್ತಿಲ್ಲ ಪುಟ್ಟ. ಇನ್ನೊಂದು ಸುಳ್ಳು, ಗೊತ್ತು, ಚೆನ್ನಾಗಿ ಗೊತ್ತು, ಎರಡು ಪುಟ್ಟ ಅಂಗೈ, ಒಂದು ಚುಕ್ಕೆಯೂ ಇರಲಿಲ್ಲ, ಒಂದು ಚುಕ್ಕೆಯೂ.