ಕ್ಯಾಮೆರಾ ರಹೀಲನ ತಂಗಿ

ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದೆ ಮೊಬೈಲ್ ಅಂಗಡಿ ಇಟ್ಟಿರುವ ರಹೀಲನಿಗೆ ಊರಲ್ಲಿ ಎರಡು ಹೆಸರು. ವಯಸ್ಸಾದವರಿಗೆ ಅವನು ಡಿಸ್‌ಪ್ಲೇ ರಹೀಲ, ಒಡೆದ ಗಾಜು ಬದಲಾಯಿಸಿ ಕೊಡುವವನು. ವಯಸ್ಸಿನ ಹುಡುಗರಿಗೆ ಕ್ಯಾಮೆರಾ ರಹೀಲ. ಹೊಸ ಫೋನ್ ಯಾವುದೇ ಬರಲಿ, ಅದರ ವಿಡಿಯೊ ಹೇಗಿದೆ ಅಂತ ರಹೀಲ ತನ್ನ ಚಾನೆಲ್ಲಿನಲ್ಲಿ ಹೇಳಬೇಕು, ಆಮೇಲೆ ಇವರು ಕೊಳ್ಳಬೇಕು. ಆಂಧ್ರದ ಗಡಿಯಾಚೆಯವರೂ ನೋಡಿ ತೆಲುಗಿನಲ್ಲೇ ಕಾಮೆಂಟು ಹಾಕುತ್ತಾರೆ. ಮನೆಯಲ್ಲಿ ದಖನಿ ಉರ್ದು ಆಡುವ ರಹೀಲ ಅಂಗಡಿಯಲ್ಲಿ ಕನ್ನಡ, ತೆಲುಗು ಎರಡನ್ನೂ ಕಲಸಿ ಮಾತಾಡುವುದರಿಂದ ಯಾರಿಗೂ ತೊಂದರೆಯಿಲ್ಲ.

ಅವನ ಪರೀಕ್ಷೆಯ ಕ್ರಮವೂ ಅವನದೇ. ಎರಡು ಫೋನನ್ನು ಒಂದು ಹಲಗೆಗೆ ಅಕ್ಕಪಕ್ಕ ಕಟ್ಟಿಕೊಂಡು ಬೈಕ್ ಹತ್ತುತ್ತಾನೆ. ಕುರುಡುಮಲೆ ದೇವಸ್ಥಾನದ ಕಂಬದ ಕೆತ್ತನೆ ಯಾವುದರಲ್ಲಿ ಚೂಪಾಗಿ ಬರುತ್ತದೆ, ಶ್ರೀನಿವಾಸಪುರದ ಮಾರುಕಟ್ಟೆಯ ಬಾದಾಮಿ ಮಾವು ಯಾವುದರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಮಾಲೂರಿನ ಇಟ್ಟಿಗೆಯ ಕೆಂಪು ಉಳಿಯುತ್ತದೋ ಇಲ್ಲವೋ, ಎಲ್ಲ ತೆಗೆದು ಪಕ್ಕಪಕ್ಕ ಇಟ್ಟು ತೋರಿಸುತ್ತಾನೆ. ಕೊನೆಯಲ್ಲಿ ಮನುಷ್ಯರ ಮುಖ. ಅಲ್ಲಿ ಮಾತ್ರ ಅವನು ಬಲು ಕಟ್ಟುನಿಟ್ಟು. ಮುಖವನ್ನು ತಾನಾಗಿ ನುಣ್ಣಗೆ ಮಾಡುವ ಫೋನುಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ.

"ಇದು ಸುಳ್ಳು ಹೇಳೋ ಫೋನು," ಅಂದಿದ್ದ ಒಂದು ಸಲ, ಒಂದು ಫೋನನ್ನು ಎರಡು ಬೆರಳಲ್ಲಿ ಸತ್ತ ಇಲಿ ಹಿಡಿದ ಹಾಗೆ ಹಿಡಿದು. "ಬ್ಯೂಟಿ ಮೋಡ್ ಹಾಕಿ ನೋಡಿ. ಕೆನ್ನೆ ಜೊತೆಗೆ ಕಿವಿ ಓಲೆನೂ ಕರಗಿಸಿಬಿಡುತ್ತೆ. ಅದಕ್ಕಿಂತ ಹೆಚ್ಚಿಂದು ಕೇಳಿ. ಬ್ಯೂಟಿ ಹಾಕಿದ್ರೆ ಇದರಲ್ಲಿ ಅತಿ ಚೂಪು ವಿಡಿಯೊ, ಅಂದ್ರೆ ಫೋರ್‌ಕೆ ಬರಲ್ಲ. ಒಂದು ಬೇಕು ಅಂದ್ರೆ ಇನ್ನೊಂದು ಬಿಡಬೇಕು. ನಾನಾದ್ರೆ ಯಾವುದು ಬಿಡ್ತೀನಿ ಅಂತ ನಿಮಗೆ ಗೊತ್ತು."

ಜನಕ್ಕೆ ಈ ಖಡಕ್ ಮಾತು ಬಹಳ ಹಿಡಿಸಿತು. ಇಷ್ಟು ನೇರ ಮನುಷ್ಯನಿಗೆ ಸಾದಿಯಾ ಅಂತ ಒಬ್ಬಳು ತಂಗಿಯಿದ್ದಾಳೆ, ಅವಳ ಬಲ ತುಟಿಯ ಅಂಚಿನಿಂದ ಗದ್ದದವರೆಗೆ ಬಿಳಿ ಮಚ್ಚೆಯಿದೆ ಅನ್ನುವುದು ಚಾನೆಲ್ ನೋಡುವ ಯಾರಿಗೂ ಗೊತ್ತಿರಲಿಲ್ಲ.

ಮಚ್ಚೆ ಚಿಕ್ಕಂದಿನಲ್ಲಿ ಅಕ್ಕಿಕಾಳಿನಷ್ಟಿತ್ತು. ಆಮೇಲೆ ಹರಡಿತು, ಮದ್ದಿಗೆ ನಿಂತಿತು. ಇನ್ನು ಹೋಗುವುದಿಲ್ಲ, ಬೆಳೆಯುವುದೂ ಇಲ್ಲ ಅಂದರು ಡಾಕ್ಟರು. ಸಾದಿಯಾ ಅದನ್ನು ಅಲ್ಲಿಗೇ ಬಿಟ್ಟಳು. ಅವಳು ಪಾಠ ಹೇಳುವ ಶಾಲೆಯಲ್ಲಿ ಒಂದನೇ ತರಗತಿಯ ಮಗುವೊಂದು ಟೀಚರ್, ನೀವು ಹಾಲು ಕುಡಿದು ಬಾಯಿ ಒರೆಸ್ಕೊಂಡಿಲ್ಲ ಅಂದದ್ದನ್ನು ಮನೆಗೆ ಬಂದು ನಗುನಗುತ್ತ ಹೇಳಿದಳು. ಅಮ್ಮೀ ಎದ್ದು ಒಳಗೆ ಹೋದರು. ರಹೀಲ ಫೋನ್ ನೋಡತೊಡಗಿದ. ಅಬ್ಬಾ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದದ್ದೇ ಈ ಮೂವರು. ಮೂವರಲ್ಲಿ ಇಬ್ಬರು ಆ ಮಾತನ್ನು ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಈ ವರ್ಷ ಮಾವಿನ ಕಾಲ ಮುಗಿಯುವ ಹೊತ್ತಿಗೆ ಅಮ್ಮೀಯ ತಮ್ಮ ಜಾನ್ ಪಾಷಾ ಒಂದು ಸಂಬಂಧ ತಂದ. ಹುಡುಗ ಶಾನವಾಜ್, ಶ್ರೀನಿವಾಸಪುರದಲ್ಲಿ ಮಾವಿನ ವ್ಯಾಪಾರ. ಮನೆಯಲ್ಲಿ ಯಜಮಾನಿಕೆ ತಾಯಿ ಮುನ್ನೀ ಬೀಯದು. ಇಂಥದ್ದರಲ್ಲಿ ಮೊದಲು ಗಂಡಿನ ಕಡೆ ಹೆಂಗಸರು ಬಂದು ನೋಡಬೇಕು, ಹುಡುಗಿಯ ಫೋಟೊ ಗೀಟೊ ಊರೂರು ತಿರುಗಬಾರದು, ಅದು ಪದ್ಧತಿ. ಆದರೆ ಮುನ್ನೀ ಬೀಗೆ ಮೊಣಕಾಲಿನ ಆಪರೇಷನ್ ಆಗಿತ್ತು. ನಾನು ಓಡಾಡೋ ತನಕ ಒಂದು ವಿಡಿಯೊ ಕಳಿಸಿ, ನಾನೂ ಮಗನೂ ನೋಡಿ ಅಳಿಸಿಬಿಡ್ತೀವಿ, ಹೇಗೂ ಹುಡುಗಿಯ ಅಣ್ಣ ಅದರಲ್ಲೇ ಹೆಸರು ಮಾಡಿದವನಂತಲ್ಲ ಅಂತ ಹೇಳಿ ಕಳಿಸಿದರು.

ಆಗ ಅಮ್ಮೀ ತಮ್ಮನನ್ನು ಒಂದು ಮಾತು ಕೇಳಬೇಕಿತ್ತು. ಮಚ್ಚೆಯ ವಿಷಯ ಅವರಿಗೆ ಹೇಳಿದ್ದೀಯಾ, ಇಲ್ಲವಾ? ಕೇಳಲಿಲ್ಲ. ಕೇಳಿದರೆ ಆ ಮಾತು ಆಡಿದ ಹಾಗೆ ಆಗುತ್ತದಲ್ಲ. ರಹೀಲನೂ ಕೇಳಲಿಲ್ಲ. ಹೇಳಿದ್ದರೆ ಇಂಥ ಮನೆಯವರು ಯಾಕೆ ಮುಂದುವರಿಯುತ್ತಿದ್ದರು ಅಂತ ತಾಯಿ ಮಗ ಇಬ್ಬರೂ ತಮ್ಮ ತಮ್ಮಲ್ಲೇ ತೀರ್ಮಾನ ಮಾಡಿಕೊಂಡರು.

"ಸ್ವಲ್ಪ ನೋಡ್ಕೊಂಡು ತೆಗಿ ಬೇಟಾ," ಅಂದರು ಅಮ್ಮೀ. ಅಷ್ಟೇ. ರಹೀಲನಿಗೆ ಅಷ್ಟು ಸಾಕಾಯಿತು.

ಭಾನುವಾರ ಬೆಳಗ್ಗೆ ಮೊದಲು ಒಳ್ಳೆಯ ಫೋನನ್ನೇ ಹಿಡಿದ. ಸಾದಿಯಾ ಕಿಟಕಿಯ ಪಕ್ಕ ಕೂತು ಹೆಸರು, ಓದು, ಕೆಲಸ ಹೇಳಿದಳು. ತೆಗೆದದ್ದನ್ನು ಹಾಕಿ ನೋಡಿದ. ಅದ್ಭುತವಾಗಿ ಬಂದಿತ್ತು. ಕಣ್ಣಿನ ರೆಪ್ಪೆಗೂದಲು ಒಂದೊಂದೂ ಬೇರೆಬೇರೆ, ದುಪಟ್ಟಾದ ನೂಲು ಕಾಣುತ್ತಿತ್ತು, ಮಚ್ಚೆಯ ಅಂಚು ನಕಾಶೆಯ ಗೆರೆಯಷ್ಟು ಸ್ಪಷ್ಟ. ಬೇರೆ ಯಾವ ಮುಖವಾಗಿದ್ದರೂ ಅವನು ಈ ಫೋನಿಗೆ ಹತ್ತಕ್ಕೆ ಹತ್ತು ಕೊಡುತ್ತಿದ್ದ. ಈಗ ಅವನಿಗೆ ಅನಿಸಿದ್ದು ಒಂದೇ, ಇದನ್ನು ಪರರ ಮನೆಯವರು ನೋಡಬಾರದು. ಹೀಗೆ ಅನಿಸಿತಲ್ಲ ಅಂತ ಒಳಗೆ ಚುಚ್ಚಿತು. ಚುಚ್ಚಿದರೂ ಕೈ ಇನ್ನೊಂದು ಫೋನಿನ ಕಡೆ ಹೋಯಿತು.

ಸಾದಿಯಾ ಆ ಫೋನನ್ನು ಗುರುತು ಹಿಡಿದಳು. ಅಣ್ಣನ ಒಂದು ವಿಡಿಯೊನೂ ಬಿಡದೆ ನೋಡುವವಳು ಅವಳು.

"ಭಾಯಿ, ಅದು ಸುಳ್ಳು ಹೇಳೋ ಫೋನಲ್ವಾ?"

"ಫೈಲ್ ಚಿಕ್ಕದಾಗುತ್ತೆ ಕಣೇ. ಅವರ ಫೋನಲ್ಲಿ ಜಾಗ ಇರುತ್ತೋ ಇಲ್ವೋ."

ಅವಳು ಅವನ ಮುಖವನ್ನೇ ನೋಡಿದಳು. ಅವನು ಫೋನಿನ ಸೆಟ್ಟಿಂಗಿನಲ್ಲಿ ತಲೆ ಹುದುಗಿಸಿದ. ಬ್ಯೂಟಿ ಒತ್ತಿದ ಕೂಡಲೇ ಫೋರ್‌ಕೆ ಅನ್ನುವ ಅಕ್ಷರ ಮಂಕಾಗಿ ಹೋಯಿತು. ನುಣುಪು ಹೆಚ್ಚಿಸುವ ಗೆರೆಯನ್ನು ಕೊನೆಯ ತನಕ ಎಳೆದ. ಕುರ್ಚಿಯನ್ನು ತಿರುಗಿಸಿ ಬಲಗೆನ್ನೆ ನೆರಳಿಗೆ ಬೀಳುವ ಹಾಗೆ ಇಟ್ಟ.

"ಯಾವ ಕಡೆ ತಿರುಗ್ಲಿ?" ಅಂದಳು ಸಾದಿಯಾ, ದುಪಟ್ಟಾ ಸರಿಮಾಡಿಕೊಂಡು. ಜಗಳ ಆಡಿದ್ದರೆ ರಹೀಲ ಎರಡು ಮಾತು ಜೋರಾಗಿ ಆಡಿ ಹಗುರಾಗುತ್ತಿದ್ದ. ಅವಳೋ, ಅವನು ಹೇಳಿದ ಕಡೆ ತಿರುಗಿ ಕೂತಳು, ಅದೇ ಹೆಸರು, ಓದು, ಕೆಲಸ ಇನ್ನೊಮ್ಮೆ ಹೇಳಿದಳು. ವಿಡಿಯೊದಲ್ಲಿ ಬಂದ ಹುಡುಗಿ ಚೆನ್ನಾಗಿದ್ದಳು. ಮೇಣ ಬಳಿದ ಹಾಗೆ ನುಣುಪು ಮುಖ, ಅದರಲ್ಲಿ ಸಾದಿಯಾಳ ಧ್ವನಿ. ಅಮ್ಮೀ ನೋಡಿ ಅಲ್ಲಾಹನಿಗೆ ಶುಕ್ರ್ ಹೇಳಿದರು.

ಬಹಳ ದಿನ ಉತ್ತರ ಬರಲಿಲ್ಲ. ಆಮೇಲೆ ಮುನ್ನೀ ಬೀ ತಾವೇ ಬರುತ್ತಾರಂತೆ ಅಂತ ಸುದ್ದಿ ಬಂತು. ಅಮ್ಮೀ ಗೋಡೆ ಒರೆಸಿದರು, ಹೊಸ ಹೊದಿಕೆ ಹಾಸಿದರು, ಹಿಂದಿನ ಸಂಜೆ ಅಂಗಡಿಯಿಂದ ಒಂದು ಮೈಬಣ್ಣದ ಕ್ರೀಮಿನ ಟ್ಯೂಬು ತಂದು ಸಾದಿಯಾಳ ಕೈಗಿತ್ತರು. ಸಾದಿಯಾ ಅದನ್ನು ಕಪಾಟಿನ ಮೇಲಿಟ್ಟು ಶಾಲೆಯ ಪುಸ್ತಕಗಳನ್ನು ತಿದ್ದಲು ಕೂತಳು.

ಮುನ್ನೀ ಬೀ ಕೋಲೂರಿಕೊಂಡು, ಜಾನ್ ಪಾಷಾನ ಹೆಗಲು ಹಿಡಿದು ಬಂದರು. ದಪ್ಪ ಕನ್ನಡಕ, ಮೆಲುಮಾತು. ಶರಬತ್ತು ತಂದ ಸಾದಿಯಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಆ ಮುದುಕಿಯ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನಿಂತಿದೆಯಾ, ಇನ್ನೂ ಹರಡ್ತಾ ಇದೆಯಾ?"

"ನಿಂತಿದೆ ಅಮ್ಮಾ."

"ಒಳ್ಳೇದಾಯ್ತು."

ಆಮೇಲೆ ಚೀಲದಿಂದ ಫೋನ್ ತೆಗೆದು ರಹೀಲನ ಕೈಗೆ ಕೊಟ್ಟರು. ಅದರಲ್ಲಿ ಅವನು ಕಳಿಸಿದ ವಿಡಿಯೊ ನಿಂತಿತ್ತು.

"ಇದನ್ನ ಅವಳ ಮುಖದ ಪಕ್ಕ ಹಿಡಿ ಬೇಟಾ. ನೀನು ಹಾಗೇ ತೋರಿಸೋದಂತಲ್ಲ, ಎರಡನ್ನೂ ಪಕ್ಕಪಕ್ಕ."

ರಹೀಲ ಎದ್ದು ಹೋಗಿ ಹಿಡಿದ. ಈ ಕಡೆ ಮೇಣದ ಮುಖ, ಆ ಕಡೆ ತಂಗಿಯ ಮುಖ. ಅಮ್ಮೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾದಿಯಾ ಕಣ್ಣು ಕೆಳಗೆ ಹಾಕಲಿಲ್ಲ. ರಹೀಲನಿಗೆ ನೆಲ ಬಾಯಿಬಿಟ್ಟು ನುಂಗಿದರೆ ಸಾಕು ಅನಿಸಿತು.

"ಜಾನ್ ಪಾಷಾ ಮೊದಲ ದಿನವೇ ನಮಗೆ ಹೇಳಿದ್ದ," ಅಂದರು ಮುನ್ನೀ ಬೀ. "ನಾನು ಮಗನಿಗೆ ಹೇಳಿದೆ. ಅದಕ್ಕೇನಮ್ಮಾ, ಟೀಚರ್ ಕೆಲಸ ಮಾಡೋ ಹುಡುಗಿ, ಹೋಗಿ ನೋಡು ಅಂದ. ಆಮೇಲೆ ಇದು ಬಂತು. ಬೇರೆ ಯಾರದ್ದೋ ತಪ್ಪಿ ಕಳಿಸಿದಾರೆ ಅಂದ್ಕೊಂಡೆ. ನನ್ನ ಮಗ ನಿನ್ನ ಚಾನೆಲ್ ನೋಡ್ತಾನೆ ಕಣಪ್ಪಾ, ಅವನೇ ಹೇಳಿದ. ಅಮ್ಮಾ, ಕಿವಿ ಓಲೆ ಕರಗಿದೆ ನೋಡು, ಇದು ಇಂಥ ಫೋನು, ಬೇಕಂತಲೇ ಇದರಲ್ಲಿ ತೆಗೆದಿದಾರೆ ಅಂತ."

ಮುನ್ನೀ ಬೀ ಕೋಲನ್ನು ಗೋಡೆಗೆ ಒರಗಿಸಿದರು.

"ಮಚ್ಚೆಗೆ ಬೇಡ ಅನ್ನಲಿಲ್ಲ ಅವನು. ಕಣ್ಣಿಗೆ ಕಾಣೋದನ್ನೇ ಮುಚ್ಚಿಟ್ಟರೆ ಕಾಣದ್ದನ್ನ ಹೇಗೆ ನಂಬೋದು ಅಂದ. ನನಗೂ ಸರಿ ಅನಿಸ್ತು. ಈ ಸಂಬಂಧ ಬೇಡ ಅಂತ ಜಾನ್ ಪಾಷಾ ಹತ್ರ ಹೇಳಿ ಕಳಿಸಬಹುದಿತ್ತು. ಹಾಗೆ ಮಾಡಿದ್ರೆ ಈ ಮಗು ತನ್ನ ಮುಖ ನೋಡಿ ಬೇಡ ಅಂದ್ರು ಅಂತ ಅಂದ್ಕೊಳ್ತಾಳೆ. ಅದು ಆಗಬಾರದು ಅಂತ ನಾನೇ ಬಂದೆ."

ರಹೀಲನ ಕೈಯಿಂದ ಫೋನ್ ವಾಪಸ್ ತಗೊಂಡು, ನಿಮ್ಮ ಮುಂದೆಯೇ ಇದನ್ನ ಅಳಿಸ್ತೀನಿ ಅಂತ ಕನ್ನಡಕ ಸರಿಮಾಡಿಕೊಂಡರು.

"ಈಗಲೇ ಬೇಡ ಅಮ್ಮಾ," ಅಂದಳು ಸಾದಿಯಾ. "ಇನ್ನೊಂದು ಕಳಿಸ್ತೀನಿ. ನೀವೂ ನೋಡಿ, ಅವರಿಗೂ ತೋರಿಸಿ. ಆಮೇಲೆ ಎರಡನ್ನೂ ಅಳಿಸಿ."

ಮುನ್ನೀ ಬೀ ಅವಳ ತಲೆ ಸವರಿ ಎದ್ದರು. ಬಾಗಿಲ ತನಕ ಸಾದಿಯಾಳೇ ಕೈಹಿಡಿದು ಕರೆದುಕೊಂಡು ಹೋದಳು.

ಅವರ ಕಾರು ಹೋದ ಮೇಲೆ ಅಮ್ಮೀ ತಮ್ಮನ ಮೇಲೆ ಹರಿಹಾಯ್ದರು. ಹೇಳಿದ್ದೀನಿ ಅಂತ ನಮಗೊಂದು ಮಾತು ಹೇಳೋಕೆ ನಿನಗೇನಾಗಿತ್ತು ಅಂದರು. ಜಾನ್ ಪಾಷಾ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೀವು ಕೇಳಿದ್ರಾ ಆಪಾ? ಕೇಳಿದ್ರೆ ಹೇಳ್ತಿರಲಿಲ್ವಾ?" ಅಂದು ಹೊರಟುಹೋದ. ಅಮ್ಮೀ ಅಡುಗೆಮನೆಗೆ ಹೋಗಿ ಅತ್ತರು.

ರಹೀಲ ತಂಗಿಯ ಮುಂದೆ ಬಂದು ನಿಂತ. "ತಪ್ಪಾಯ್ತು ಸಾದಿಯಾ. ನಿನ್ನ ಒಳ್ಳೇದಕ್ಕೆ ಅಂತಲೇ ನಾನು..."

"ಮೊದಲನೇ ಮಾತಿಗೆ ನಿಲ್ಲಿಸು ಭಾಯಿ," ಅಂದಳು. "ಮುಂದಿಂದು ಬೇಡ. ಹೋಗಿ ಆ ಒಳ್ಳೇ ಫೋನ್ ತಗೊಂಡು ಬಾ."

ಅವನಿಗೆ ಒಂದಿಷ್ಟು ಆಸೆ ಚಿಗುರಿತು. "ಹೌದು, ಸರಿಯಾಗಿ ತೆಗೆದು ಕಳಿಸೋಣ. ಅವರು ಮನಸ್ಸು ಬದಲಾಯಿಸಿದ್ರೂ ಬದಲಾಯಿಸಬಹುದು."

"ಅದಕ್ಕಲ್ಲ. ಅವರ ಮನೇಲಿ ಬೇರೆ ಯಾವಳೋ ನನ್ನ ಹೆಸರಿಟ್ಕೊಂಡು ಕೂತಿದಾಳೆ. ಅವಳು ಅಲ್ಲಿಂದ ಏಳಬೇಕು, ಅಷ್ಟೇ."

ಕುರ್ಚಿಯನ್ನು ಅವಳೇ ಎಳೆದು ಹೊಸ್ತಿಲ ಹತ್ತಿರ ಹಾಕಿಕೊಂಡಳು. ಬಿಸಿಲು ನೇರ ಬಲಗೆನ್ನೆಗೆ ಬಿತ್ತು. ಫೋರ್‌ಕೆ ಹಾಕಿದ್ದೀಯಾ ಅಂತ ಕೇಳಿದಳು. ಹಾಕಿದ್ದೇನೆ ಅಂದ. ತೋರಿಸು ಅಂದಳು. ತೋರಿಸಿದ. ತಂಗಿ ತನ್ನ ಮಾತನ್ನು ನಂಬದೆ ಪರೀಕ್ಷೆ ಮಾಡಿ ನೋಡುವ ಹಾಗಾಯಿತಲ್ಲ ಅಂದುಕೊಂಡ.

"ಅಸ್ಸಲಾಮು ಅಲೈಕುಮ್. ನಾನು ಸಾದಿಯಾ," ಅಂತ ಕ್ಯಾಮೆರಾ ನೋಡಿ ಶುರುಮಾಡಿದಳು, ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲೇ. "ನನ್ನ ಮುಖ ಇದು. ಮುನ್ನೀ ಬೀ ಅಮ್ಮಾ ಬಂದು ಹೇಳಿದ ಮಾತು ಸರಿಯಾಗಿದೆ, ನನಗೆ ಬೇಜಾರಿಲ್ಲ. ಒಂದು ಮಾತ್ರ ತಿಳ್ಕೊಳ್ಳಿ. ಹಿಂದಿನ ವಿಡಿಯೊದಲ್ಲಿ ನಾಚಿಕೊಂಡಿದ್ದು ನಾನಲ್ಲ. ತೆಗೆದವರು."

ರಹೀಲ ಫೋನ್ ಇಳಿಸಲಿಲ್ಲ. ಎಷ್ಟು ವಿಡಿಯೊ ತೆಗೆದಿದ್ದರೂ ಈವತ್ತು ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ಹುಡುಕಬೇಕಾಯಿತು.

"ಕೊನೇ ಮಾತು ಕಟ್ ಮಾಡಬೇಡ," ಅಂದಳು ಅವಳು ಎದ್ದು ಬರುತ್ತ. "ಡಾಕ್ಯುಮೆಂಟ್ ಮಾಡಿ ಕಳಿಸು. ಕ್ವಾಲಿಟಿ ಸ್ವಲ್ಪವೂ ಕಮ್ಮಿ ಆಗಬಾರದು."

ಫೈಲು ದೊಡ್ಡದು, ನೆಟ್‌ವರ್ಕು ನಿಧಾನ. ಕಳಿಸುವ ಗೆರೆ ತೆವಳುತ್ತ ಸುತ್ತಿತು. ಅದು ಪೂರ್ತಿಯಾಗುವ ತನಕ ಸಾದಿಯಾ ಅಣ್ಣನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದಳು. ರಹೀಲ ಪರದೆಯ ಮೇಲಿನ ಅವಳ ಮುಖವನ್ನೇ ನೋಡುತ್ತಿದ್ದ. ಪಕ್ಕಕ್ಕೆ ತಿರುಗಿ ಅವಳನ್ನು ನೋಡಲು ಅವನಿಂದಾಗಲಿಲ್ಲ.